ಬಡವನ ಎದೆಯ ಮೇಲೆ ಯಾರ ವ್ಯಾಪಾರ?

ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿದೆ. 1957ರಲ್ಲಿ ಇಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸೌದೆಗೆ ಹೋದವರು ಜ್ವರದಿಂದ ಮಲಗಿದಾಗ ಪುಣೆಯಿಂದ ವಿಜ್ಞಾನಿಗಳು ಬಂದರು. ರೋಗಕ್ಕೆ ಊರಿನ ಹೆಸರು ಬಂತು. ಆದರೆ ಈ ಕಡೆಯ ಕೂಲಿಕಾರನ ಎದೆ ನಡುಗಿದರೆ? ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿರುವುದು ದೂರದ ನಗರಗಳಲ್ಲಿ!

ಮೊನ್ನೆ ಒಬ್ಬ ಅಡಿಕೆ ಸುಲಿಯುವವನ ಮನೆಗೆ ಹೋಗಿದ್ದೆ. ಹೃದಯ ಸೋತಿದೆ, ನಾಡಿ ತಾಳ ತಪ್ಪಿದೆ. ವೈದ್ಯರ ಚೀಟಿಯಲ್ಲಿರುವುದು ಮಾತ್ರೆ ಮತ್ತು ರಕ್ತಪರೀಕ್ಷೆ. ಯಾರೋ ದಲ್ಲಾಳಿ ಮಾತ್ರ, 'ಎದೆಯೊಳಗೆ ಯಂತ್ರ ಇಡಿಸು, ನಾಡಿ ಸರಿಹೋಗುತ್ತದೆ' ಎಂದಿದ್ದಾನೆ. ಹೆಂಡತಿ ಇದ್ದೊಂದು ಎಕರೆಯ ಪತ್ರ ಹಿಡಿದು ಕೂತಿದ್ದಳು.

ಬಂಧುಗಳೇ, ಇದು ಸುಳ್ಳು. ಆ ಯಂತ್ರ, ಡಿಫಿಬ್ರಿಲೇಟರ್, ಹೃದಯದ ಕೆಳಗಿನ ಕೋಣೆಗಳ ಮಾರಕ ನಡುಕಕ್ಕೆ ಕಾವಲುಗಾರ. ಮೇಲಿನ ಕೋಣೆಗಳ ನಡುಕವನ್ನು ಗುಣಪಡಿಸುವುದು ಅದರ ಕೆಲಸವಲ್ಲ. ಕೆಲವೊಮ್ಮೆ ಅದನ್ನೇ ತಪ್ಪು ತಿಳಿದು ಎಚ್ಚರವಿದ್ದವನಿಗೆ ಷಾಕು ಹೊಡೆಯುತ್ತದೆ!

ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಹಿರಿಯ ವೈದ್ಯಮಿತ್ರನ ಹಠಾತ್ ಸಾವಿನ ದುಃಖದಿಂದ ಮಿಶೆಲ್ ಮಿರೋವ್‌ಸ್ಕಿ ಅದನ್ನು ಕಲ್ಪಿಸಿದರು. 1980ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದಲ್ಲಿ ಇಟ್ಟರು. ತಕ್ಕ ರೋಗಿಗೆ ಅದು ಜೀವದಾನ. ದುಃಖದಲ್ಲಿ ಹುಟ್ಟಿದ್ದು ಲಾಭಕೋರರ ಕೈ ಸೇರಿ ಲಕ್ಷಗಳ ಸರಕಾಯಿತು. 2017ರಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದ ಕೇಂದ್ರ ಸರ್ಕಾರಕ್ಕೆ ಆಗ ಈ ಯಂತ್ರ ಕಾಣಲಿಲ್ಲವೇ?

ಮೇಲಿನ ಕೋಣೆ ನಡುಗಿದಾಗ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ಮಿದುಳಿಗೇರಿದರೆ ಲಕ್ವ. ಅದನ್ನು ತಡೆಯಲು ವಾರ್ಫರಿನ್‌ನಂಥ ಅಗ್ಗದ ಮಾತ್ರೆಯಿದೆ. ಆದರೆ ಅದರ ಪ್ರಮಾಣ ಹೆಚ್ಚಿದರೆ ರಕ್ತಸ್ರಾವ, ಕಡಿಮೆಯಾದರೆ ಲಕ್ವ. ಆದ್ದರಿಂದ ಮತ್ತೆ ಮತ್ತೆ ರಕ್ತಪರೀಕ್ಷೆ ಬೇಕು. ಪರೀಕ್ಷೆಗೊಮ್ಮೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು! ಬಡವರ ಮಕ್ಕಳಿಗೆ ಕೀಲುಜ್ವರದಿಂದ ಕವಾಟ ಕೆಟ್ಟು ಈ ನಡುಕ ಬರುವುದೂ ಉಂಟು. ಜ್ವರ ಬಂದ ಮಗುವಿಗೆ ಮೂರು-ನಾಲ್ಕು ವಾರಕ್ಕೊಂದು ಪೆನ್ಸಿಲಿನ್ ಚುಚ್ಚುಮದ್ದು ತಪ್ಪದೆ ಸಿಕ್ಕಿದರೆ ಬಹುಪಾಲು ತಪ್ಪಿಸಬಹುದು.

2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಂದಿತು. ಹೃದಯಾಘಾತವಾದವನಿಗೆ ತಾಲ್ಲೂಕಿನಲ್ಲೇ ಚುಚ್ಚುಮದ್ದು. ಒಳ್ಳೆಯದೇ. ಆದರೆ ಬದುಕಿ ಮನೆಗೆ ಬಂದವನ ನಾಡಿ ಹಿಡಿಯುವವರಾರು?

ನಮ್ಮ ಬೇಡಿಕೆ ಮೂರು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇ.ಸಿ.ಜಿ. ಮತ್ತು ಈ ರಕ್ತಪರೀಕ್ಷೆ. ಪೆನ್ಸಿಲಿನ್ ಎಂದೂ ತಪ್ಪಬಾರದು. ಯಂತ್ರಕ್ಕೆ ಬೆಲೆಮಿತಿ, ನಿಜವಾಗಿ ಬೇಕಾದ ಬಡವನಿಗೆ ಪುಕ್ಕಟೆ.

ಆ ತಾಯಿಯ ಜಮೀನಿನ ಪತ್ರ ಇನ್ನೂ ಪೆಟ್ಟಿಗೆ ಸೇರಿಲ್ಲ. ಸೇರುವವರೆಗೆ ನಾವು ಸುಮ್ಮನಿರಕೂಡದು.