ಎಂಟನೇ ಕ್ಲಾಸಿನ ಹಾಜರಿ ಕರೆಯಿರಿ!

ಬೆಂಗಳೂರಿನಲ್ಲಿ ಕೂತು ಊರಿನ ಹೈಸ್ಕೂಲು ಗೆಳೆಯರ ವಾಟ್ಸಾಪ್ ಗುಂಪು ಕಟ್ಟಿರುವ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹುಡುಗರಿಗೆ ಒಂದು ನೇರ ಪ್ರಶ್ನೆ. ನಿಮ್ಮ ಗುಂಪಿನಲ್ಲಿ ಎಷ್ಟು ಜನರಿದ್ದೀರಿ? ಮೂವತ್ತೋ, ನಲವತ್ತೋ? ಸಂತೋಷ. ಎಂಟನೇ ಕ್ಲಾಸಿಗೆ ಸೇರಿದ ದಿನ ಆ ಕೊಠಡಿಯಲ್ಲಿ ಎಷ್ಟು ಜನರಿದ್ದಿರಿ?

ಈ ಎರಡನೇ ಲೆಕ್ಕ ಯಾರಿಗೂ ನೆನಪಿಲ್ಲ. ಬೆಂಚಿಗೆ ಐದೈದು ಜನ ಒತ್ತರಿಸಿಕೊಂಡು ಕೂತಿದ್ದು ನೆನಪಿದೆ. ಜಾಗ ಸಾಲದೆ ಕೆಲವರು ಹಿಂದುಗಡೆ ನೆಲದ ಮೇಲೆ ಕೂತಿದ್ದೂ ನೆನಪಿದೆ. ಅವರೆಲ್ಲ ಎಲ್ಲಿ? ಎಲ್ಲಿಗೂ ಹೋಗಿಲ್ಲ ಸ್ವಾಮಿ. ಒಬ್ಬ ಅದೇ ಊರಿನಲ್ಲಿ ಅಪ್ಪನ ಅರ್ಧ ಎಕರೆ ಗದ್ದೆ ಉಳುತ್ತಿದ್ದಾನೆ. ಇನ್ನೊಬ್ಬ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಗೊನೆ ತುಂಬುತ್ತಿದ್ದಾನೆ. ಮತ್ತೊಬ್ಬ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ಕಾಯಿಸುತ್ತಿದ್ದಾನೆ. ಇನ್ನೂ ಒಬ್ಬ ನೀವಿರುವ ಬೆಂಗಳೂರಿನಲ್ಲೇ, ಬಹುಶಃ ನಿಮ್ಮದೇ ಆಫೀಸಿನ ಗೇಟಿನ ಮುಂದೆ, ಆಟೋ ನಿಲ್ಲಿಸಿಕೊಂಡು ಬಾಡಿಗೆಗೆ ಕಾಯುತ್ತಿದ್ದಾನೆ. ಅವರು ನಿಮ್ಮ ಪಟ್ಟಿಯಲ್ಲಿಲ್ಲ. ಯಾಕೆಂದರೆ ನೀವು ಗುಂಪಿಗೆ ಇಟ್ಟ ಹೆಸರೇ 'ಎಸ್ಸೆಸ್ಸೆಲ್ಸಿ ಬ್ಯಾಚ್'. ಎಸ್ಸೆಸ್ಸೆಲ್ಸಿ ದಾಟದವನು ಯಾವ ಬ್ಯಾಚಿನವನು?

ಹಳೆ ವಿದ್ಯಾರ್ಥಿಗಳ ಸಮ್ಮಿಲನವನ್ನು ಲೇವಡಿ ಮಾಡುವುದು ನನ್ನ ಉದ್ದೇಶವಲ್ಲ. ಭಾನುವಾರ ಬಂದರೆ ನಮ್ಮ ಜಿಲ್ಲೆಯಲ್ಲಿ ಒಂದಲ್ಲ ಒಂದು ಕಡೆ ಗುರುವಂದನೆ, ಸ್ನೇಹ ಸಮ್ಮಿಲನ ನಡೆಯುತ್ತಲೇ ಇರುತ್ತದೆ. ನಿವೃತ್ತ ಮೇಷ್ಟ್ರುಗಳಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಅಂದು ಬೆತ್ತ ಮುರಿಯುವಂತೆ ಹೊಡೆದ ಗಣಿತದ ಮೇಷ್ಟ್ರು ಇಂದು ಕಣ್ಣೊರೆಸಿಕೊಳ್ಳುತ್ತಾರೆ. ಇದು ಒಳ್ಳೆಯದೇ. ಜಾತಿ ಸಂಘ, ಪಾರ್ಟಿ ಸಭೆ ಬಿಟ್ಟು ಬೇರೆ ಯಾವ ನೆಪಕ್ಕೂ ಜನ ಒಟ್ಟಾಗದ ಈ ಕಾಲದಲ್ಲಿ, ಒಂದೇ ಕೊಠಡಿಯಲ್ಲಿ ಕೂತಿದ್ದೆವು ಎಂಬ ಒಂದೇ ಕಾರಣಕ್ಕೆ ಸೇರುವುದು ಸಣ್ಣ ಮಾತಲ್ಲ. 2019ರ ಲೋಕಸಭಾ ಚುನಾವಣೆ ನೆನಪು ಮಾಡಿಕೊಳ್ಳಿ. ಮಂಡ್ಯದಲ್ಲಿ ಸುಮಲತಾ ಒಂದು ಕಡೆ, ನಿಖಿಲ್ ಇನ್ನೊಂದು ಕಡೆ. ಅಂಥ ಜಿದ್ದಾಜಿದ್ದಿಯಲ್ಲೂ 'ಇಲ್ಲಿ ರಾಜಕೀಯ ಬೇಡ ಕಣ್ರಲಾ' ಎಂದು ಯಾರೋ ಒಬ್ಬ ಕೈಮುಗಿದು ಉಳಿಸಿಕೊಂಡ ಗುಂಪುಗಳು ಇವು. ಹಾಗಾಗಿಯೇ ಹೇಳುತ್ತಿದ್ದೇನೆ. ಇಷ್ಟು ಒಳ್ಳೆಯ ಕೆಲಸದಲ್ಲಿ ಅರ್ಧ ಕ್ಲಾಸನ್ನೇ ಹೊರಗೆ ನಿಲ್ಲಿಸಿದ್ದೀರಲ್ಲ, ಯಾಕೆ?

ಬೇಕೆಂದೇ ಯಾರೂ ನಿಲ್ಲಿಸಿಲ್ಲ, ಗೊತ್ತು. ನಂಬರು ಸಿಕ್ಕವರನ್ನು ಸೇರಿಸಿದಿರಿ. ನಂಬರು ಸಿಕ್ಕಿದ್ದು ಕಾಲೇಜಿಗೆ ಬಂದವರದು, ಪಿ.ಇ.ಎಸ್. ಕಾಲೇಜಿನಲ್ಲಿ ಮತ್ತೆ ಸಿಕ್ಕವರದು, ಬೆಂಗಳೂರಿನಲ್ಲಿ ರೂಮು ಹಂಚಿಕೊಂಡವರದು. ಮುಂದೆ ಹೋದವರು ಮುಂದೆ ಹೋದವರನ್ನೇ ಕಂಡರು. ಆದರೆ ಅವನು ಯಾಕೆ ಹಿಂದೆ ಉಳಿದ ಎಂಬುದನ್ನು ಒಂದು ಗಳಿಗೆ ಯೋಚಿಸಿ.

ನಮ್ಮ ಹಳ್ಳಿ ಶಾಲೆಗಳಲ್ಲಿ ಐದನೇ ಕ್ಲಾಸಿಗೆ ಬಂದ ಮೇಲೆಯೇ ಎ ಬಿ ಸಿ ಡಿ. ಒಂದನೇ ಕ್ಲಾಸಿನಿಂದ ಇಂಗ್ಲಿಷನ್ನು ಒಂದು ಪಾಠವಾಗಿ ಕಲಿಸಲು ಸರ್ಕಾರ ಹೊರಟಿದ್ದು 2007ರಲ್ಲಿ. ಅದಕ್ಕೆ ಮುಂಚೆ ಓದಿದ ನಮ್ಮ ಹುಡುಗರು ಐದು ವರ್ಷ ಇಂಗ್ಲಿಷ್ ಕಲಿತು, ಆರನೇ ವರ್ಷ ಪಬ್ಲಿಕ್ ಪರೀಕ್ಷೆ ಬರೆಯಬೇಕಿತ್ತು. ಆ ಐದರಲ್ಲಿ ಎಷ್ಟು ವರ್ಷ ಇಂಗ್ಲಿಷ್ ಮೇಷ್ಟ್ರೇ ಇರಲಿಲ್ಲವೋ, ಎಷ್ಟು ಪೀರಿಯಡ್ಡು ಪಿ.ಟಿ. ಮೇಷ್ಟ್ರು ಬಂದು ಕೂತು ಹೋದರೋ, ಓದಿದ ನಿಮಗೇ ಗೊತ್ತು. ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 90 ತೆಗೆದವನು ಇಂಗ್ಲಿಷಿನಲ್ಲಿ 35 ದಾಟದೆ ಕೂತ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದ, ಮತ್ತೆ ಹೋಯಿತು. 'ಗದ್ದೆ ಕೆಲಸ ನೋಡ್ಕೊ ಬಾರ್ಲಾ' ಎಂದ ಅಪ್ಪ. ಅಲ್ಲಿಗೆ ಮುಗಿಯಿತು. ಅವನು ದಡ್ಡನಾಗಿರಲಿಲ್ಲ. ಗುಂಪಿನಲ್ಲಿರುವ ಎಷ್ಟೋ ಜನ ಅವನ ಕನ್ನಡ ನೋಟ್ಸು ನೋಡಿಕೊಂಡೇ ಪಾಸಾದವರು.

ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದು 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. ರಾಜ್‌ಕುಮಾರ್ ಬೀದಿಗಿಳಿದರು, ನಾಡೆಲ್ಲ ಎದ್ದಿತು. ಆ ಹೋರಾಟದ ಫಲ ಉಂಡದ್ದು ನಮ್ಮ ಹೈಸ್ಕೂಲುಗಳು. ಅಲ್ಲಿ ಓದಿದ ನಾವು ಮಾಡಿದ್ದೇನು? ಸಮ್ಮಿಲನದ ಕರೆಯೋಲೆಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದೆವು! ಯಾವ ವಿಷಯ ಅವನನ್ನು ಶಾಲೆಯಿಂದ ಆಚೆಗೆ ದೂಡಿತೋ, ಅದೇ ವಿಷಯದಲ್ಲಿ ಅವನಿಗೆ ಆಹ್ವಾನ. ಇದಕ್ಕಿಂತ ಕ್ರೂರ ತಮಾಷೆ ಇನ್ನೇನು ಬೇಕು?

ಇನ್ನು ಗುಂಪಿನೊಳಗಿನ ಮಾತು. ಆಡುವುದು ಕನ್ನಡ, ಅದೂ ಅಪ್ಪಟ ಮಂಡ್ಯದ ಕನ್ನಡ. ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ನಾಲ್ಕು ಕಡೆ ಸ್ವರ ನುಂಗಿ, ಎರಡು ಕಡೆ ಅಂಕಿ ತುರುಕಿ. 'ಫೋನಿನಲ್ಲಿ ಕನ್ನಡ ಟೈಪಿಸೋದು ಕಷ್ಟ ಮಗಾ' ಎನ್ನುತ್ತೀರಿ. ಹಿಂದೆ ಕಷ್ಟವಿತ್ತು, ಒಪ್ಪುತ್ತೇನೆ. ಈಗ ಫೋನಿನ ಕೀಲಿಮಣೆಯಲ್ಲಿ ಕನ್ನಡ ಆರಿಸಿಕೊಂಡು, ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರ ತಾನಾಗಿ ಮೂಡುತ್ತದೆ. ಇನ್ನೂ ಯಾವ ನೆಪ?

ಇದನ್ನು ಭಾಷಾಭಿಮಾನದ ಭಾಷಣ ಅಂದುಕೊಳ್ಳಬೇಡಿ. ಬಾವುಟದ ಮಾತು ಬಿಡಿ, ಇದು ಶುದ್ಧ ಲೆಕ್ಕದ ಮಾತು. ಬೆಳಗಾದರೆ ಟೀ ಅಂಗಡಿಯಲ್ಲಿ ಪೇಪರಿನ ಒಂದಕ್ಷರ ಬಿಡದೆ ಓದುವವನು ನಮ್ಮ ಹಳ್ಳಿಯ ಗೆಳೆಯ. ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಅಷ್ಟರಲ್ಲಿ ಗುಂಪಿನಲ್ಲಿ ಐವತ್ತು ಮೆಸೇಜು ಮುಂದೆ ಹೋಗಿರುತ್ತದೆ. ಎರಡು ದಿನ ನೋಡುತ್ತಾನೆ, ಮೂರನೇ ದಿನ ಗುಂಪು ತೆರೆಯುವುದೇ ಇಲ್ಲ. 'ಅವನು ಏನೂ ರಿಪ್ಲೈ ಮಾಡಲ್ಲ, ಇಂಟರೆಸ್ಟ್ ಇಲ್ಲ' ಎಂದು ನೀವು ತೀರ್ಮಾನ ಕೊಡುತ್ತೀರಿ. ಕನ್ನಡ ಅಕ್ಷರದಲ್ಲಿ ಒಂದು ಸಾಲು ಬರೆದರೆ ಹಿಂದಿನ ಬೆಂಚಿನವನೂ ಕ್ಲಾಸಿನ ಒಳಗೇ ಇರುತ್ತಾನೆ.

ಜಾಗದ ವಿಷಯಕ್ಕೆ ಬರೋಣ. ಗುಂಪಿನಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆದು, ಕೊನೆಗೆ ಹೆದ್ದಾರಿ ಪಕ್ಕದ ಯಾವುದೋ ರೆಸಾರ್ಟಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನವರಿಗೆ ಒಂದೂಕಾಲು ಗಂಟೆ ದಾರಿ, ಕಾರು ನಿಲ್ಲಿಸಲು ಜಾಗ, ಮಕ್ಕಳಿಗೆ ಈಜುಕೊಳ. ಈ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಗಿದ್ದು 2023ರ ಮಾರ್ಚ್ 12ರಂದು, ನಮ್ಮ ಮಂಡ್ಯ ಜಿಲ್ಲೆಯಲ್ಲೇ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು ಹತ್ತುವಂತಿಲ್ಲ ಎಂದು ಹೆದ್ದಾರಿ ಪ್ರಾಧಿಕಾರ ನಿಷೇಧ ಹಾಕಿತು. ಅಂದರೆ ನಿಮ್ಮ ಕಾರು ಮೇಲೆ ಭರ್ರೆಂದು ಹೋಗುವಾಗ, ನಿಮ್ಮ ಗೆಳೆಯನ ಟಿ.ವಿ.ಎಸ್. ಕೆಳಗೆ ಸರ್ವಿಸ್ ರಸ್ತೆಯಲ್ಲಿ ಕುಂಟುತ್ತಾ ಬರಬೇಕು. ಮದ್ದೂರು, ಮಂಡ್ಯ ಊರುಗಳೇ ಆ ರಸ್ತೆಗೆ ಬೇಡವಾದವು. 1917ರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಶುರು ಮಾಡಿದ ಮದ್ದೂರು ವಡೆಗೆ ಬೈಪಾಸು ಬಂದ ಮೇಲೆ ಆದ ಪೆಟ್ಟು ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ. ಮಳವಳ್ಳಿಯವರ ಪಾಡಂತೂ ಕೇಳಲೇಬೇಡಿ. ಆ ಊರಿಗೆ ರೈಲೇ ಇಲ್ಲ. ಹಲಗೂರಿನ ಹುಡುಗ ಕನಕಪುರದ ಕಡೆ ಬಸ್ಸು ಹತ್ತಬೇಕು, ಇಲ್ಲವೇ ಮದ್ದೂರಿಗೆ ಬಂದು ಬೇರೆ ಬಸ್ಸು ಹಿಡಿಯಬೇಕು. ತಲೆಗೆ ಎರಡು ಸಾವಿರ ಚಂದಾ, ಮೇಲೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ನಷ್ಟ.

ಅಲ್ಲಾ, ಸ್ಕೂಲಿರಲಿಲ್ಲವೇನ್ರಪ್ಪಾ? ಗೋಡೆ, ಅಂಗಳ, ಮರ, ಗಂಟೆ, ಎಲ್ಲ ಅಲ್ಲೇ ಇದೆ. ಭಾನುವಾರ ಖಾಲಿಯೇ ಇರುತ್ತದೆ. ಹೆಡ್‌ಮೇಷ್ಟ್ರಿಗೆ ಒಂದು ಅರ್ಜಿ ಕೊಟ್ಟು ಕೇಳಿದರೆ ಬೇಡ ಅನ್ನುವವರು ಕಡಿಮೆ. 'ಅಲ್ಲಿ ಬಾಡೂಟ ಹಾಕೋಕಾಗಲ್ವಲ್ಲ' ಎಂಬ ಆತಂಕ ನನಗೂ ಅರ್ಥವಾಗುತ್ತದೆ. 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನದಲ್ಲೇ ಬಾಡೂಟ ಬೇಕೆಂದು ದನಿ ಎತ್ತಿದ ಊರು ನಮ್ಮದು. ಬೆಳಗ್ಗೆ ಶಾಲೆಯಲ್ಲಿ ಸೇರಿ, ಮಧ್ಯಾಹ್ನ ಯಾರದಾದರೂ ತೋಟದಲ್ಲಿ ಮುದ್ದೆ, ಸಾರು ಮಾಡಿಸಿ. ಊರಿನಲ್ಲೇ ಉಳಿದ ಗೆಳೆಯನ ತೋಟವಾದರೆ ಇನ್ನೂ ಒಳ್ಳೆಯದು. ಆಗ ಅವನು ಕರೆಸಿಕೊಂಡವನಲ್ಲ, ಕರೆದವನು.

ಚಂದಾ ವಿಷಯದಲ್ಲಿ ಒಂದು ಮಾತು. ಕೊಟ್ಟವರ ಪಟ್ಟಿಯನ್ನು ದಿನಾ ಬೆಳಗ್ಗೆ ಗುಂಪಿನಲ್ಲಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಕಬ್ಬಿನ ಬಾಕಿ ಬಾರದೆ, ಸಾಲ ತೀರದೆ, 2015ರಲ್ಲಿ ನಮ್ಮ ಜಿಲ್ಲೆಯ ರೈತರು ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಂಡದ್ದನ್ನು ದೇಶವೇ ನೋಡಿತು. 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆ ನಿಂತು, 2022ರಲ್ಲಿ ಮತ್ತೆ ಶುರುವಾಗುವ ಹೊತ್ತಿಗೆ ಎಷ್ಟು ಮನೆಗಳ ಲೆಕ್ಕಾಚಾರ ತಲೆಕೆಳಗಾಗಿತ್ತು? ಅಂಥ ಮನೆಯವನು ತನ್ನ ಹೆಸರಿನ ಮುಂದೆ 'ಬಾಕಿ' ಎಂದು ಓದಿದರೆ ಗುಂಪು ಬಿಟ್ಟು ಹೋಗುತ್ತಾನೆಯೇ ಹೊರತು ಬಾಯಿ ಬಿಟ್ಟು ಹೇಳುವುದಿಲ್ಲ. ಮಂಡ್ಯದವನ ಬಾಯಿ ಜೋರು, ಕಷ್ಟ ಹೇಳಿಕೊಳ್ಳುವಾಗ ಮಾತ್ರ ಮೂಕ. ಗುಂಪಿನ ಒಬ್ಬನೇ ಒಬ್ಬ ದುಡ್ಡಿನ ಲೆಕ್ಕ ಇಟ್ಟುಕೊಳ್ಳಲಿ. ಯಾರು ಎಷ್ಟು ಕೊಟ್ಟರು ಎಂಬುದು ಅವನ ಹೊಟ್ಟೆಯಲ್ಲೇ ಇರಲಿ.

ಎಲ್ಲಕ್ಕಿಂತ ಹೆಚ್ಚಾಗಿ ಕಳೆದುಹೋದವರು ಹೆಣ್ಣುಮಕ್ಕಳು. ಕ್ಲಾಸಿನಲ್ಲಿ ಅರ್ಧಕ್ಕರ್ಧ ಇದ್ದವರು ಗುಂಪಿನಲ್ಲಿ ನಾಲ್ಕು ಜನ. ಆ ನಾಲ್ವರೂ ಟೀಚರೋ ನರ್ಸೋ ಆಗಿ ಸಂಬಳ ತರುವವರು. ಉಳಿದವರಿಗೆ ರಿಸಲ್ಟು ಬರುವ ಮೊದಲೇ ಲಗ್ನಪತ್ರಿಕೆ ಬಂದಿತ್ತು. ಊರು ಬದಲಾಯಿತು, ಕೆಲವರ ಹೆಸರೂ ಬದಲಾಯಿತು. ಇರುವ ನಂಬರು ಗಂಡನದೋ ಮಗನದೋ. ಅಲ್ಲಿಗೆ ಫೋನು ಮಾಡಿ 'ನಾನು ನಿಮ್ಮ ಮಿಸೆಸ್ ಕ್ಲಾಸ್‌ಮೇಟು' ಎಂದರೆ ಆ ಮನೆಯಲ್ಲಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹುಡುಕುವ ದಾರಿ ಬೇರೆ ಇದೆ. ಗುಂಪಿನಲ್ಲಿರುವ ಹೆಣ್ಣುಮಕ್ಕಳೇ ತವರುಮನೆಗೆ ಹೋಗಿ ಅವರ ಅವ್ವನನ್ನು ಕೇಳಲಿ. ಗೌರಿ ಹಬ್ಬಕ್ಕೆ ತವರಿಗೆ ಬಂದೇ ಬರುತ್ತಾರೆ, ಸಮ್ಮಿಲನದ ದಿನವನ್ನು ಅದಕ್ಕೆ ಹೊಂದಿಸಿ. ಜೊತೆಗೆ, ರಾತ್ರಿ ಹನ್ನೊಂದರ ಮೇಲೆ ಗುಂಪಿಗೆ ಬರುವ ಆ ಹೊಲಸು ಫಾರ್ವರ್ಡುಗಳನ್ನು ನಿಲ್ಲಿಸಿ. ಒಬ್ಬ ಹೆಣ್ಣುಮಗಳು ಗುಂಪು ಬಿಟ್ಟಾಗ 'ಯಾಕೆ ಹೋದ್ಲು?' ಎಂದು ಅಮಾಯಕರಂತೆ ಕೇಳುವವರಿಗೆ ಕಾರಣ ಚೆನ್ನಾಗಿ ಗೊತ್ತಿರುತ್ತದೆ.

ನಡುವೆ ಸಿನಿಮಾದ ಮಾತು. ಹೈಸ್ಕೂಲು ಗೆಳೆಯರ ಸಮ್ಮಿಲನದ ಕತೆಯೆಂದರೆ ತಮಿಳಿನವರು 2018ರಲ್ಲಿ '96' ಮಾಡಿದರು. ಮರುವರ್ಷ ನಾವು ಅದನ್ನೇ ತಂದು '99' ಮಾಡಿಕೊಂಡೆವು. ನಮ್ಮ ಬೆಂಚು, ನಮ್ಮ ಕಬ್ಬಿನ ಗದ್ದೆ, ನಮ್ಮ ಬೈಗುಳ ಇಟ್ಟುಕೊಂಡು ಒಂದು ಕತೆ ಬರೆಯಲು ಗಾಂಧಿನಗರದವರಿಗೆ ಏನಾಗಿತ್ತೋ! ಆದರೆ ಅದೇ 2018ರಲ್ಲಿ ರಿಷಬ್ ಶೆಟ್ಟರು ಕಾಸರಗೋಡಿನ ಕನ್ನಡ ಶಾಲೆಯ ಮೇಲೆ ಚಿತ್ರ ಮಾಡಿದಾಗ ಜನ ಥಿಯೇಟರು ತುಂಬಿಸಿದರು. ಮುಚ್ಚಲು ಹೊರಟ ಶಾಲೆಯನ್ನು ಉಳಿಸಿಕೊಳ್ಳುವ ಮಕ್ಕಳ ಕತೆ ಅದು. ಬೆಂಗಳೂರಿನ ಥಿಯೇಟರಿನಲ್ಲಿ ಶಿಳ್ಳೆ ಹೊಡೆದ ನಾವು, ಓದಿದ ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆಂದು ಒಮ್ಮೆಯಾದರೂ ವಿಚಾರಿಸಿದೆವೇ?

ಸಮ್ಮಿಲನವನ್ನು ಶಾಲೆಯಲ್ಲೇ ಮಾಡಿ ಎನ್ನಲು ಇದೂ ಒಂದು ಕಾರಣ. ರೆಸಾರ್ಟಿನಲ್ಲಿ ಕೂತರೆ ಹಳೆಯ ಶಾಲೆ ಮಾತ್ರ ಕಾಣುತ್ತದೆ, ನೆನಪಿನಲ್ಲಿ. ಅಂಗಳಕ್ಕೆ ಕಾಲಿಟ್ಟರೆ ಇವತ್ತಿನ ಶಾಲೆ ಕಾಣುತ್ತದೆ. ಕನ್ನಡ ಮಾಧ್ಯಮ ಉಳಿಸಲು 1994ರಲ್ಲಿ ಸರ್ಕಾರ ಆದೇಶ ಹೊರಡಿಸಿತು. 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮದ ಆಯ್ಕೆ ತಂದೆತಾಯಿಯದು ಎಂದು ಹೇಳಿ ಆ ಬಾಗಿಲು ಮುಚ್ಚಿತು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ನಿಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತೀರಿ ಎಂದು ನಾನು ಕೇಳುವುದಿಲ್ಲ, ಕೇಳಿದರೆ ಗುಂಪಿನಲ್ಲಿ ಜಗಳ ಹತ್ತುತ್ತದೆ. ಇಷ್ಟು ಮಾತ್ರ ಕೇಳುತ್ತೇನೆ. ಅಲ್ಲಿ ಇಂದಿಗೂ ಕನ್ನಡ ಮಾಧ್ಯಮದಲ್ಲಿ ಕೂತ ಮಕ್ಕಳು ಯಾರವರು? ನೀವು ಪಟ್ಟಿಯಿಂದ ಬಿಟ್ಟ ಆ ಗೆಳೆಯನ ಮಕ್ಕಳೇ. ಆ ಮಕ್ಕಳಿಗೂ ಅದೇ ಇಂಗ್ಲಿಷ್ ಪೇಪರು ಕಾದು ಕೂತಿದೆ. ಬೆಂಚಿನ ಮೇಲೆ ಬ್ಯಾಚಿನ ಹೆಸರು ಬರೆಸಿ ದಾನ ಕೊಡುವ ಬದಲು, ಇಂಗ್ಲಿಷು, ಗಣಿತ ಬಲ್ಲವರು ಸರದಿಯಂತೆ ತಿಂಗಳಿಗೊಂದು ಶನಿವಾರ ಹೋಗಿ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಕೂತು ಬನ್ನಿ. ಮಂಡ್ಯಕ್ಕೂ ಮದ್ದೂರಿಗೂ ರೈಲಿದೆ. ಪಾಸು ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಓಡಾಡುವ ಗೆಳೆಯರು ಎಷ್ಟೋ ಜನ ಇದ್ದಾರಲ್ಲ, ತಿಂಗಳಿಗೊಮ್ಮೆ ಉಲ್ಟಾ ದಿಕ್ಕಿನಲ್ಲಿ ಹೋದರೆ ಏನೂ ಸವೆಯುವುದಿಲ್ಲ.

ಈಗ ಪಟ್ಟಿ ಮಾಡುವ ಕೆಲಸ. ಗ್ರೂಪ್ ಫೋಟೋ ನೋಡಿ ಪಟ್ಟಿ ಮಾಡಬೇಡಿ. ಅದು ಹತ್ತನೇ ಕ್ಲಾಸಿನ ಕೊನೆಯಲ್ಲಿ ತೆಗೆಸಿದ್ದು, ಫೋಟೋದ ದುಡ್ಡಿಲ್ಲದೆ ಆ ದಿನ ಶಾಲೆಗೇ ಬಾರದವರು ಅದರಲ್ಲಿಲ್ಲ. ಶಾಲೆಯ ಕಪಾಟಿನಲ್ಲಿ ದಾಖಲಾತಿ ರಿಜಿಸ್ಟರು ಇರುತ್ತದೆ. ಹೆಡ್‌ಮೇಷ್ಟ್ರ ಅಪ್ಪಣೆ ಪಡೆದು, ನೀವು ಎಂಟನೇ ಕ್ಲಾಸಿಗೆ ಸೇರಿದ ವರ್ಷದ ಪುಟ ತೆಗೆಸಿ. ಒಂದನೇ ನಂಬರಿನಿಂದ ಕೊನೆಯ ನಂಬರಿನವರೆಗೆ ಬರೆದುಕೊಳ್ಳಿ. ತೀರಿಹೋದವರ ಮನೆಗೂ ಒಬ್ಬರು ಹೋಗಿ ಕರೆದು ಬನ್ನಿ. ಕರೆಯೋಲೆ ಕನ್ನಡದಲ್ಲಿರಲಿ. ವಾಟ್ಸಾಪಿನಲ್ಲಿ ಹಾಕಿ ಕೈತೊಳೆದುಕೊಳ್ಳದೆ, ಊರಿಗೊಬ್ಬರಂತೆ ಹೋಗಿ ಕೈಗೆ ಕೊಡಿ. ಆ ದಿನ ಭಾಷಣಕ್ಕೆ ಮೊದಲು ಹಳೆಯ ಕ್ಲಾಸ್ ಟೀಚರ ಕೈಗೆ ಆ ಪಟ್ಟಿ ಕೊಟ್ಟು ಹಾಜರಿ ಕೂಗಿಸಿ. ಬಂದವರು 'ಬಂದೆ ಸಾರ್' ಎನ್ನಲಿ. ಬಾರದವರ ಹೆಸರಿಗೆ ಅವರು ಎಲ್ಲಿದ್ದಾರೆ ಎಂಬುದನ್ನು ಪಕ್ಕದ ಬೆಂಚಿನವರು ಎದ್ದು ನಿಂತು ಹೇಳಲಿ. ಯಾರಿಗೂ ಗೊತ್ತಿಲ್ಲದ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡು, ಮುಂದಿನ ಭಾನುವಾರ ಆ ಊರಿನ ಬಸ್ಸು ಹತ್ತಿ.