ಗೆರಟೆಯಲ್ಲಿ ಗಂಜಿ

2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವ ಮುಂಚೆ ಎದ್ದ ಗದ್ದಲ ಓದುಗರಿಗೆ ನೆನಪಿದೆ. ಜಾತಿಪಟ್ಟಿಯಲ್ಲಿ ‘ಬ್ರಾಹ್ಮಣ ಕ್ರಿಶ್ಚಿಯನ್’, ‘ಒಕ್ಕಲಿಗ ಕ್ರಿಶ್ಚಿಯನ್’, ‘ಕುರುಬ ಕ್ರಿಶ್ಚಿಯನ್’ ಎಂಬ ಹೆಸರುಗಳು ಕಂಡದ್ದೇ ತಡ, ಇದು ಮತಾಂತರಕ್ಕೆ ಕೊಟ್ಟ ಕುಮ್ಮಕ್ಕು ಎಂದು ಒಂದು ಕಡೆಯವರು ಕೂಗೆಬ್ಬಿಸಿದರು. ರಾಜ್ಯಪಾಲರು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆಯೋಗ 30ಕ್ಕೂ ಹೆಚ್ಚು ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಆ ಕೂಗಿನ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ. ಅವರ ರಾಜಕೀಯ ಎಲ್ಲರಿಗೂ ಗೊತ್ತಿರುವಂಥದ್ದು. ನನ್ನನ್ನು ಮೂರು ತಿಂಗಳಿಂದ ಕೊರೆಯುತ್ತಿರುವುದು ನಮ್ಮ ಕ್ರೈಸ್ತರೇ ಕೊಟ್ಟ ಉತ್ತರ.

‘ಕ್ರೈಸ್ತರಲ್ಲಿ ಜಾತಿಯೇ ಇಲ್ಲ, ಸರಕಾರ ಎಲ್ಲಿಂದ ತಂದಿತು?’ ಎಂದು ನಮ್ಮ ಸೋದರ ಪತ್ರಿಕೆಗಳು ಬರೆದವು. ಒಂದರ ಸಂಪಾದಕೀಯ ಪೂರ್ತಿ ಇದೇ ಮಾತು. ಅದೇ ಸಂಚಿಕೆಯ ಹಿಂದಿನ ಪುಟಗಳನ್ನು ತಿರುಗಿಸಿದೆ. ಮದುವೆ ಜಾಹೀರಾತುಗಳಲ್ಲಿ ‘ಆರ್.ಸಿ. ಬ್ರಾಹ್ಮಿನ್ ವರ ಬೇಕು’ ಎಂದು ಅಚ್ಚಾಗಿದೆ. ಎರಡನ್ನೂ ಓದಿ ಪುಟಕ್ಕೆ ಕಳಿಸಿದ ಕೈ ಒಂದೇ ಆಗಿರಬೇಕು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಮಾರನೆ ದಿನವೂ ಅದು ಇಳಿಯಲಿಲ್ಲ. ಆದ್ದರಿಂದ ಈ ಕ್ರಿಸ್ಮಸ್ ಸಂಚಿಕೆಗೆ ಬರೆದಿಟ್ಟಿದ್ದ ಸಂಪಾದಕರ ಮಾತನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಕತೆಯಿಂದ ಶುರುಮಾಡುತ್ತೇನೆ, ಬೇರೆಯವರ ಮನೆಯ ಕತೆ ಹೇಳುವ ಹಕ್ಕು ಆಮೇಲೆ ಬರುವುದು. 1960ರ ದಶಕ, ಮಂಗಳೂರಿಗೆ ಒಂದು ಗಂಟೆಯ ದಾರಿಯ ಹಳ್ಳಿ. ಅಡಿಕೆ ತೋಟ, ಎರಡು ಬೆಳೆಯ ಗದ್ದೆ. ಸಂಜೆ ದೀಪ ಹಚ್ಚಿದ ಮೇಲೆ ತೆರ್ಸ್ ತಪ್ಪುತ್ತಿರಲಿಲ್ಲ. ಜಪಸರ ಮುಗಿದ ಮೇಲೆ ಮಕ್ಕಳೆಲ್ಲ ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು. ಅಮ್ಮ ಶುಕ್ರವಾರ ಮೀನು ಮಾಂಸ ಮುಟ್ಟುತ್ತಿರಲಿಲ್ಲ, ತಪಸ್ಸು ಕಾಲದ ನಲವತ್ತು ದಿನ ಕಾಫಿಗೆ ಬೆಲ್ಲ ಹಾಕಿಕೊಳ್ಳುತ್ತಿರಲಿಲ್ಲ. ಅವಳಷ್ಟು ಭಕ್ತಿಯುಳ್ಳ ಹೆಂಗಸನ್ನು ನಾನು ಆಮೇಲೆ ನೋಡಿಲ್ಲ. ಆ ಮನೆಗೆ ಗದ್ದೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸಿದ್ದಳು. ಅವಳದೂ ನಮ್ಮದೇ ಇಗರ್ಜಿ. ನನಗೆ ಜ್ಞಾನಸ್ನಾನ ಕೊಟ್ಟ ತೊಟ್ಟಿಯಲ್ಲೇ ಅವಳ ಮಕ್ಕಳಿಗೂ ಕೊಟ್ಟಿದ್ದರು. ಭಾನುವಾರ ಬಲಿಪೂಜೆಯಲ್ಲಿ ಅಮ್ಮ ಮೊಣಕಾಲೂರಿದ ಕಟಾಂಜನದ ಮುಂದೆಯೇ, ನಾಲ್ಕು ಜನ ಆಚೆಗೆ, ಅವಳೂ ಮೊಣಕಾಲೂರಿ ನಾಲಗೆಯ ಮೇಲೆ ಪರಮಪ್ರಸಾದ ತೆಗೆದುಕೊಳ್ಳುತ್ತಿದ್ದಳು. ಪಾದ್ರಿಯ ಅದೇ ಬೆರಳು, ಅದೇ ಬಟ್ಟಲು.

ಸೋಮವಾರ ಮಧ್ಯಾಹ್ನ ಅವಳು ನಮ್ಮ ಮನೆಯ ಹಿಂದೆ ಹಲಸಿನ ಮರದ ಬುಡದಲ್ಲಿ ಕೂತು ತೆಂಗಿನ ಗೆರಟೆಯಲ್ಲಿ ಗಂಜಿ ಉಣ್ಣುತ್ತಿದ್ದಳು. ಗಂಜಿಯನ್ನು ಎತ್ತರದಿಂದ ಹೊಯ್ಯುತ್ತಿದ್ದರು, ಪಾತ್ರೆ ಗೆರಟೆಗೆ ತಾಗಬಾರದು ಎಂದು. ಉಂಡಾದ ಮೇಲೆ ಅವಳು ಅದನ್ನು ತಾನೇ ತೊಳೆದು ಹಟ್ಟಿಯ ಮಾಡಿನ ಸಂದಿಗೆ ಸಿಕ್ಕಿಸಿಡಬೇಕು. ಅಮ್ಮ ಕೆಟ್ಟವಳಾಗಿರಲಿಲ್ಲ. ಆ ಹೆಂಗಸಿಗೆ ಜ್ವರ ಬಂದರೆ ಕಷಾಯ ಕಾಸಿ ಕಳಿಸುತ್ತಿದ್ದಳು, ಮಗಳ ಮದುವೆಗೆ ಅಕ್ಕಿ ಕೊಟ್ಟಳು. ಗೆರಟೆ ಮಾತ್ರ ಬದಲಾಗಲಿಲ್ಲ. ಒಮ್ಮೆ ನಾನು ಆಡುತ್ತ ಆ ಗೆರಟೆಯನ್ನು ಒಳಗೆ ತಂದಾಗ ಅಮ್ಮ ನನ್ನ ಕೈಗೆ ಹೊಡೆದದ್ದು ಇವತ್ತೂ ನೆನಪಿದೆ. ನನಗಾಗ ಏಳು ವರ್ಷ. ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದೆ. ಕುಮ್ಸಾರಿಗೆ ಹೋಗಿ ಏನೇನು ಪಾಪ ಹೇಳಬೇಕೆಂದು ಉಪದೇಶಿಯವರು ಕಲಿಸಿದ್ದರು: ಸುಳ್ಳು ಹೇಳಿದ್ದು, ಅಕ್ಕನ ಜೊತೆ ಜಗಳ, ಪ್ರಾರ್ಥನೆಯಲ್ಲಿ ನಿದ್ದೆ. ಗೆರಟೆ ಆ ಪಟ್ಟಿಯಲ್ಲಿ ಇರಲಿಲ್ಲ. ದೊಡ್ಡವರ ಪಟ್ಟಿಯಲ್ಲೂ ಇದ್ದಿರಲಾರದು.

ಇದು ಹೊಸ ಒಡಂಬಡಿಕೆಯಲ್ಲಿ ಇಲ್ಲದ ಪಾಪವಾಗಿದ್ದರೆ ಮಾತು ಬೇರೆ. ಗಲಾತ್ಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ತೆಗೆದು ನೋಡಿ. ಅಂತಿಯೋಕ್ಯದಲ್ಲಿ ಪೇತ್ರನು ಸುನ್ನತಿಯಿಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದರು ಎಂದೊಡನೆ ಅವರಿಗೆ ಹೆದರಿ ಪಂಕ್ತಿಯಿಂದ ಎದ್ದುಬಿಟ್ಟ. ಅವನನ್ನು ನೋಡಿ ಉಳಿದ ಯೆಹೂದಿ ಕ್ರೈಸ್ತರೂ ಎದ್ದರು, ಬಾರ್ನಬನೂ ಎದ್ದ. ಪೌಲನು ಎಲ್ಲರ ಎದುರಿಗೇ ಪೇತ್ರನನ್ನು ತಡೆದು ಕೇಳಿದ. ಶಿಷ್ಯರಲ್ಲಿ ಮೊದಲನೆಯವನನ್ನು ಪೌಲ ಮುಖಕ್ಕೆ ಮುಖಕೊಟ್ಟು ತಪ್ಪಿತಸ್ಥನೆಂದದ್ದು ಪ್ರಾರ್ಥನೆಯ ಕ್ರಮಕ್ಕಾಗಿ ಅಲ್ಲ, ಪವಾಡದ ಬಗ್ಗೆ ಅಲ್ಲ, ಊಟದ ಪಂಕ್ತಿಗಾಗಿ. ಯಾರ ಜೊತೆ ಕೂತು ಉಣ್ಣುತ್ತೀಯ ಎಂಬುದರಲ್ಲಿ ಇಡೀ ಶುಭಸಂದೇಶ ನಿಂತಿದೆ ಎಂದು ಪೌಲನಿಗೆ ಅನ್ನಿಸಿತ್ತು. ಕೊರಿಂಥದವರಿಗೆ ಬರೆದದ್ದೂ ಅದೇ: ಪ್ರಭುವಿನ ಭೋಜನಕ್ಕೆಂದು ಸೇರಿ ಉಳ್ಳವರು ಮೊದಲೇ ಉಂಡು, ಇಲ್ಲದವರನ್ನು ಹಸಿದು ಕೂರಿಸುವವರು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ. ನಮ್ಮ ಇಗರ್ಜಿಗಳಲ್ಲಿ ಈ ಭಾಗಗಳ ಮೇಲೆ ಎಷ್ಟು ಪ್ರಸಂಗ ಕೇಳಿದ್ದೀರಿ, ನೆನಪಿಸಿಕೊಳ್ಳಿ. ನಾನು ಅರುವತ್ತು ವರ್ಷಗಳಲ್ಲಿ ಎರಡು ಕೇಳಿದ್ದೇನೆ. ಒಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿಯಿತು.

‘ನಿತ್ಯಜೀವನದಲ್ಲಿ ವಿಶ್ವಾಸ’ ಎಂಬ ಅಂಕಣ ಈಗ ಎಲ್ಲ ಪತ್ರಿಕೆಗಳಲ್ಲೂ ಇದೆ. ಬೆಳಿಗ್ಗೆ ಎದ್ದು ಐದು ನಿಮಿಷ ಮೌನ, ಮಕ್ಕಳ ಜೊತೆ ಪ್ರಾರ್ಥನೆ, ಕಚೇರಿಯಲ್ಲಿ ಮುಗುಳುನಗೆ, ರಾತ್ರಿ ಕೃತಜ್ಞತೆ. ಇವು ಒಳ್ಳೆಯ ಅಭ್ಯಾಸಗಳೇ. ಆದರೆ ಆ ದಿನದಲ್ಲಿ ಅಡುಗೆಮನೆಯ ಕೆಲಸದವಳು ಎಲ್ಲೂ ಬರುವುದಿಲ್ಲ, ಅವಳ ಲೋಟ ಬರುವುದಿಲ್ಲ, ಮಗಳು ಯಾರನ್ನು ಇಷ್ಟಪಟ್ಟಳು ಎಂದು ತಿಳಿದ ರಾತ್ರಿ ಮನೆಯಲ್ಲಿ ನಡೆದದ್ದು ಬರುವುದಿಲ್ಲ. ಗೆರಟೆ ಹೋಯಿತು, ನಿಜ. ಅದರ ಜಾಗಕ್ಕೆ ಸಿಂಕಿನ ಪಕ್ಕದಲ್ಲಿ ಬೇರೆಯಾಗಿ ಕವುಚಿಟ್ಟ ಸ್ಟೀಲ್ ಲೋಟ ಬಂದಿದೆ. ಮನೆ ನೋಡಲು ಬಂದವರು ‘ಮೂಲ ಮನೆ ಯಾವುದು?’ ಎಂದು ಕೇಳುವ ದನಿ ನನ್ನ ಅಜ್ಜನ ಕಾಲದಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಬಾಮಣ್, ಚಾರೋಡಿ, ಸುದಿರ್ ಎಂಬ ಜಾತಿಹೆಸರುಗಳನ್ನು ನಮ್ಮ ಕೊಂಕಣಿ ಮನೆಗಳಲ್ಲಿ ಮಕ್ಕಳ ಎದುರು ಆಡುವುದಿಲ್ಲ. ಮದುವೆ ವಯಸ್ಸಿಗೆ ಬಂದ ಮಕ್ಕಳಿಗೆ ಅವು ಹೇಗೋ ಗೊತ್ತಿರುತ್ತವೆ.

ಇದಕ್ಕೆ ಬೇರೆಯವರನ್ನು ದೂರಿ ಪ್ರಯೋಜನವಿಲ್ಲ. ಗೋವೆಯಿಂದ ಕರಾವಳಿಗೆ ಇಳಿದು ಬಂದ ನಮ್ಮ ಹಿರಿಯರು ಶಿಲುಬೆಯ ಜೊತೆಗೆ ಜಾತಿಯನ್ನೂ ಹೊತ್ತು ತಂದರು. ಮೈಸೂರು ಸೀಮೆಯಲ್ಲೂ ಕತೆ ಹೆಚ್ಚು ಬೇರೆಯಲ್ಲ. 17ನೇ ಶತಮಾನದ ನಡುವಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲಿ ಬರೆದವರು, ಅವರ ಋಣ ನಮ್ಮ ಮೇಲಿದೆ. ಅವರು ಹಿಡಿದದ್ದು ಮಧುರೆಯ ದೆ ನೊಬಿಲಿಯ ದಾರಿ: ಸನ್ಯಾಸಿಯ ಉಡುಗೆ, ಸಸ್ಯಾಹಾರ, ಮೇಲ್ಜಾತಿಯವರು ಮುಜುಗರಪಡದಂಥ ನಡಾವಳಿ. ಆ ದಾರಿಯಲ್ಲಿ ಮೇಲಿನವರಿಗೆ ಒಂದು ಬಗೆಯ ಗುರುಗಳು, ಕೆಳಗಿನವರಿಗೆ ‘ಪಂಡಾರಸ್ವಾಮಿ’ಗಳೆಂಬ ಇನ್ನೊಂದು ಬಗೆಯ ಗುರುಗಳು. ಭಾಷೆಗೂ ಉಡುಗೆಗೂ ಒಗ್ಗಿಕೊಂಡದ್ದು ಪ್ರೀತಿ. ಪಂಕ್ತಿಭೇದಕ್ಕೂ ಒಗ್ಗಿಕೊಂಡದ್ದನ್ನು ನಾನು ಪ್ರೀತಿ ಎನ್ನಲಾರೆ. ‘ದೇಸೀಕರಣ’ ಎಂದು ಅದನ್ನು ಹೊಗಳುವ ವಿಚಾರಸಂಕಿರಣಗಳಿಗೆ ಹೋಗಿ ಬಂದಾಗಲೆಲ್ಲ ನನಗೆ ಮನೆಯ ಹಿಂದಿನ ಹಲಸಿನ ಮರ ಕಣ್ಣಿಗೆ ಬರುತ್ತದೆ.

ನಮ್ಮ ಕ್ಯಾಥೊಲಿಕ್ ಪತ್ರಿಕೆಗಳು ಪ್ರೊಟೆಸ್ಟಂಟರ ಬಾಸೆಲ್ ಮಿಶನ್ನಿನ ಹೆಸರನ್ನು ಜುಲೈ 1ರಂದು ಮಾತ್ರ ಎತ್ತುತ್ತವೆ, 1843ರ ‘ಮಂಗಳೂರ ಸಮಾಚಾರ’ದ ನೆಪದಲ್ಲಿ. ಮೊಗ್ಲಿಂಗ್ ಅಂದರೆ ಪತ್ರಿಕೆ, ಕಿಟ್ಟೆಲ್ ಅಂದರೆ 1894ರ ನಿಘಂಟು, ಅಲ್ಲಿಗೆ ಮುಗಿಯಿತು. ಆ ಜನ ಊಟದ ವಿಷಯದಲ್ಲಿ ಏನು ಮಾಡಿದರು ಎಂದು ಕೇಳುವುದಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಜ್ಞಾನಸ್ನಾನ ಪಡೆದಾಗ ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಬಾಸೆಲಿನಲ್ಲಿ ಓದಿ ಗುರುದೀಕ್ಷೆ ಪಡೆದು ಬಂದ ಆ ಮನುಷ್ಯ, ಕೊಡಗಿನ ಆನಂದಪುರದಲ್ಲಿ ಹೊಲೆಯರಿಗಾಗಿ ಮೊಗ್ಲಿಂಗ್ ಕಟ್ಟಿದ ನೆಲೆಗೆ ಹೋಗಿ ಅವರ ನಡುವೆ ದುಡಿದರು. ಜೀತಕ್ಕಿದ್ದವರ ಜೊತೆ ಒಬ್ಬ ಸಾರಸ್ವತ ಬದುಕಿದ್ದು ಹತ್ತೊಂಬತ್ತನೇ ಶತಮಾನದ ಕೊಡಗಿನಲ್ಲಿ! ತೆಂಕಣ ಕರಾವಳಿಯಲ್ಲಿ ಆ ಮಿಶನ್ನಿಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಕಳ್ಳು ಇಳಿಸುವುದನ್ನು ಮಿಶನ್ ಒಪ್ಪಲಿಲ್ಲ, ಒಕ್ಕಲು ಬಿಡಿಸಿದ ಧಣಿಗಳು ಗದ್ದೆ ಕೊಡಲಿಲ್ಲ, ಹೊಟ್ಟೆಗೆ ದಾರಿಯಿಲ್ಲದಾಯಿತು. ಅದಕ್ಕೆಂದೇ ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಆ ಕಾರ್ಖಾನೆಗಳ ಶಿಸ್ತು ಬಹಳ ಬಿಗಿಯದ್ದು, ಮಿಶನರಿಗಳು ಅಪ್ಪನಂತೆ ಪ್ರೀತಿಸಿದರು, ಅಪ್ಪನಂತೆಯೇ ದಬಾಯಿಸಿದರು. ಆದರೂ ವಿಶ್ವಾಸ ಬದಲಿಸಿದವನ ಮಧ್ಯಾಹ್ನದ ಊಟ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಅವರು ದೇವರ ಪ್ರಶ್ನೆ ಎಂದೇ ತಿಳಿದರು. ನಮ್ಮ ಊರಿನ ಎಷ್ಟೋ ಮನೆಗಳ ಮೇಲೆ ಇವತ್ತಿಗೂ ಆ ಹಂಚುಗಳಿವೆ, ನಮ್ಮ ಮನೆ, ಹಟ್ಟಿಗಳ ಮೇಲೂ ಇದ್ದವು. ಅವುಗಳ ಕೆಳಗೇ ಗೆರಟೆಯನ್ನು ಸಿಕ್ಕಿಸಿಡುತ್ತಿದ್ದದ್ದು.

‘ಜಾತಿಯಿಲ್ಲ’ ಎನ್ನುವ ಮಾತಿನ ಬೆಲೆ ಯಾರು ತೆರುತ್ತಾರೆ ಎಂಬುದನ್ನೂ ಹೇಳಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶ ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. 1985ರ ಸೂಸೈ ಮೊಕದ್ದಮೆ ಮದರಾಸಿನ ಒಬ್ಬ ಚಮ್ಮಾರರದ್ದು. ಬೀದಿಬದಿಯ ಚಮ್ಮಾರರಿಗೆ ಸರಕಾರ ಪುಕ್ಕಟೆ ಗೂಡಂಗಡಿ ಕೊಟ್ಟಾಗ, ಕ್ರೈಸ್ತನೆಂಬ ಕಾರಣಕ್ಕೆ ಸೂಸೈಗೆ ಸಿಗಲಿಲ್ಲ. ಮತಾಂತರದ ಮೇಲೂ ಜಾತಿಯ ಬಾಧೆ ಅಷ್ಟೇ ಉಗ್ರವಾಗಿ ಉಳಿದಿದೆ ಎಂದು ತೋರಿಸಬೇಕಿತ್ತು ಎಂದಿತು ಸುಪ್ರೀಂ ಕೋರ್ಟು. ಅದನ್ನು ತೋರಿಸಬೇಕಾದವರು ಯಾರು? ಗೆರಟೆ ಯಾರ ಮಾಡಿನ ಸಂದಿಯಲ್ಲಿತ್ತೋ ಅವರು. ಸಾಕ್ಷಿ ಹೇಳಬೇಕಾದ ಕಟಕಟೆಯಲ್ಲಿ ನಿಂತು ನಾವು ‘ನಮ್ಮಲ್ಲಿ ಜಾತಿಯಿಲ್ಲ’ ಎನ್ನುತ್ತ ಬಂದಿದ್ದೇವೆ. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ದಲಿತರ ಕುರಿತ ತಮ್ಮ ನೀತಿಯಲ್ಲಿ, ಅಸ್ಪೃಶ್ಯತೆ ಧರ್ಮಸಭೆಯ ಒಳಗೇ ಇದೆ ಎಂದು ಬರೆದು ಒಪ್ಪಿಕೊಂಡರು. ಸುಮಾರು 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ಜನ ದಲಿತರು ಎಂದೂ ಅದರಲ್ಲೇ ಇದೆ. ಅದು ಬಂದು ಒಂಬತ್ತು ವರ್ಷವಾದ ಮೇಲೂ ನಮ್ಮ ಸಂಪಾದಕರುಗಳು ಜಾತಿಯನ್ನು ಸರಕಾರ ತಂದಿತು ಎನ್ನುತ್ತಾರೆ. ಓದಿದ್ದು ಮರೆತಿದ್ದಾರೆ ಎಂದು ನಾನು ನಂಬುವುದಿಲ್ಲ.

ನಮಗಾದ ಗಾಯಗಳನ್ನು ನಾವು ಮರೆಯುವುದಿಲ್ಲ. 1784ರ ಬೂದಿ ಬುಧವಾರದಂದು ಟಿಪ್ಪುವಿನ ದಂಡು ನಮ್ಮವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಅಟ್ಟಿದ್ದನ್ನು ಮಕ್ಕಳಿಗೆ ಹೇಳುತ್ತೇವೆ, ನಾಟಕ ಆಡುತ್ತೇವೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆ ಮುರಿದದ್ದನ್ನು ಈ ಪತ್ರಿಕೆ ಪ್ರತಿ ವರ್ಷ ನೆನೆದಿದೆ, ಇನ್ನು ಮುಂದೆಯೂ ನೆನೆಯುತ್ತದೆ. ನಾವೇ ಮಾಡಿದ ಗಾಯಕ್ಕೆ ಮಾತ್ರ ಒಂದು ತಾರೀಕಿಲ್ಲ, ನಾಟಕವಿಲ್ಲ, ಸ್ಮಾರಕ ಸಂಚಿಕೆಯಿಲ್ಲ. ಹೀಗೆ ಬರೆದರೆ ಹೊರಗಿನ ವೈರಿಗಳ ಕೈಗೆ ಕೋಲು ಕೊಟ್ಟಂತಾಗುತ್ತದೆ ಎಂದು ಒಬ್ಬ ಹಿರಿಯ ಪಾದ್ರಿಗಳು ನನಗೆ ಫೋನಿನಲ್ಲಿ ಹೇಳಿದರು. ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ಆ ಕೋಲಿನ ಪೆಟ್ಟು ಇಷ್ಟು ಕಾಲ ಯಾರ ಬೆನ್ನಿನ ಮೇಲೆ ಬಿತ್ತು, ಫಾದರ್? ಅವರ ಕಡೆಯಿಂದ ನಿಮಗೆ ಎಂದಾದರೂ ಫೋನು ಬಂದಿದೆಯೇ?

ಸಮೀಕ್ಷೆಯ ಟೀಚರಮ್ಮ ನಮ್ಮ ಮನೆಗೆ ಬಂದ ದಿನ ನನ್ನ ಅಣ್ಣನೂ ಇದ್ದ. ಜಾತಿ ಎಂದು ಕೇಳಿದಾಗ ಅಣ್ಣ ‘ಬರೇ ಕ್ರಿಶ್ಚಿಯನ್ ಅಂತ ಬರೆಸು’ ಎಂದ. ನಾನು ‘ಬಾಮಣ್’ ಎಂದು ಬರೆಸಿದೆ. ಗೆರಟೆ ಇಟ್ಟವರು ಯಾರು ಎಂಬುದು ಸರಕಾರದ ಒಂದು ಕಾಗದದಲ್ಲಾದರೂ ಇರಲಿ ಎಂದು ಬರೆಸಿದೆ. ನಾವು ಅಳಿಸಿಕೊಂಡರೆ ನಮಗೇನೂ ನಷ್ಟವಿಲ್ಲ. ನಮ್ಮ ಜಮೀನು, ನಮ್ಮ ಶಾಲೆ, ನಮ್ಮ ಸಂಬಂಧಿಕ ಪಾದ್ರಿಗಳು ಎಲ್ಲ ಹಾಗೇ ಉಳಿಯುತ್ತಾರೆ. ಹಲಸಿನ ಮರದಡಿ ಕೂತವಳ ಮೊಮ್ಮಕ್ಕಳು ಅಳಿಸಿಕೊಂಡರೆ ಅವರ ಕೈಯಲ್ಲಿದ್ದ ಒಂದೇ ಪುರಾವೆ ಹೋಯಿತು. ಅಣ್ಣ ಊಟ ಮಾಡದೆ ಎದ್ದು ಹೋದ. ಈ ಸಲದ ಕ್ರಿಸ್ಮಸ್ ತಿಂಡಿ, ಕುಸ್ವಾರ್, ಅವನ ಮನೆಯಿಂದ ಬರುವುದೋ ಇಲ್ಲವೋ.

ಆ ಹೆಂಗಸು ಈಗಿಲ್ಲ. ಅವಳ ಮಗಳು ನಮ್ಮ ಇಗರ್ಜಿಯ ಹತ್ತಿರವೇ ಇದ್ದಾಳೆ. ಹೋದ ತಿಂಗಳು ಅವಳ ಮನೆಗೆ ಹೋಗಿ, ಅಮ್ಮನ ಪರವಾಗಿ ಕ್ಷಮೆ ಕೇಳಬೇಕೆಂದು ಕೂತೆ. ಮಾತು ಎಲ್ಲಿಂದ ಶುರುಮಾಡುವುದೋ ತಿಳಿಯದೆ ಗೆರಟೆಯ ವಿಷಯ ಎತ್ತಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ನಮ್ಮಮ್ಮ ಪ್ರತಿ ವರ್ಷ ಹೊಸದು ಒಡೆದು ತಾನೇ ಉಜ್ಜಿ ನಯ ಮಾಡಿಕೊಳ್ಳುತ್ತಿದ್ದಳು, ತುಟಿ ಕುಯ್ಯಬಾರದು ಅಂತ’ ಎಂದಳು. ನಂತರ ಚಹಾ ತಂದುಕೊಟ್ಟಳು. ನಾನು ಕುಡಿದೆ. ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ, ಹೇಳಬೇಕೆಂದು ಕೇಳುವ ಧೈರ್ಯ ನನಗೂ ಆಗಲಿಲ್ಲ.

ಈ ಸಂಚಿಕೆಯ ವಿಷಯ ‘ಊಟದ ಪಂಕ್ತಿ’. ಹನ್ನೊಂದು ಬರಹಗಳಿವೆ, ಅವುಗಳಲ್ಲಿ ನಾಲ್ಕನ್ನು ಬರೆದವರು ಹಲಸಿನ ಮರದ ಕಡೆಯವರು.

ಈ ತಿಂಗಳಿನಿಂದ ನಮ್ಮ ಪತ್ರಿಕೆ ಜಾತಿ ಸೂಚಿಸುವ ಮದುವೆ ಜಾಹೀರಾತುಗಳನ್ನು ತೆಗೆದುಕೊಳ್ಳುವುದಿಲ್ಲ. ‘ಒಳ್ಳೆಯ ಮನೆತನ’, ‘ಅನುರೂಪ ಕುಟುಂಬ’ ಎಂಬ ಮಾತುಗಳಿಗೂ ಇದು ಅನ್ವಯಿಸುತ್ತದೆ. ಮುಂಗಡ ಹಣ ಕೊಟ್ಟಿದ್ದ ಆರು ಮನೆಯವರಿಗೆ ಹಣ ಹಿಂದಿರುಗಿಸಿದ್ದೇವೆ. ಅವರಲ್ಲಿ ಇಬ್ಬರು ಚಂದಾ ನಿಲ್ಲಿಸಿದ್ದಾರೆ. ಒಬ್ಬರು ಜಾತಿ ಸೂಚಿಸುವ ಎರಡು ಶಬ್ದ ತೆಗೆದು ಜಾಹೀರಾತನ್ನು ಮತ್ತೆ ಕಳಿಸಿದ್ದಾರೆ, ಅದು ನಲವತ್ತೆರಡನೇ ಪುಟದಲ್ಲಿದೆ.