ಬಂದೂಕಿನ ಲೆಕ್ಕಕ್ಕೆ ಎರಡು ಬದಿ

ಹಳೆಯ ಸೇನಾ ಬಂದೂಕುಗಳನ್ನು ಸಂಗ್ರಹಿಸುವವರು ತಮ್ಮನ್ನು ಇತಿಹಾಸದ ರಕ್ಷಕರೆಂದು ಹೇಳಿಕೊಳ್ಳುತ್ತಾರೆ. ಈ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು.

ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 1873ರ ಮಾದರಿಯ ಕಾರ್ಬೈನನ್ನೇ ನೋಡೋಣ. 1876ರ ಜೂನ್ 25ರಂದು ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ 7ನೆಯ ಅಶ್ವದಳದ ಕೈಯಲ್ಲಿದ್ದುದು ಇದೇ. ಅಂದು ಲಕೋಟ ಮತ್ತು ಷಯೆನ್ ಯೋಧರಿಂದ ಕಸ್ಟರನೂ ಅವನೊಂದಿಗಿದ್ದ 200ಕ್ಕೂ ಹೆಚ್ಚು ಜನರೂ ಹತರಾದರು. 1983ರ ಕಾಳ್ಗಿಚ್ಚಿನಲ್ಲಿ ಅಲ್ಲಿಯ ಹುಲ್ಲು ಸುಟ್ಟಿತು. ಮುಂದಿನ ಎರಡು ವರ್ಷ ಪುರಾತತ್ತ್ವಜ್ಞರು ಹಾರಿಸಿದ ತೋಟಾಗಳ ಖಾಲಿ ಕೋಶಗಳನ್ನು ಹೆಕ್ಕಿ, ಅವುಗಳ ಮೇಲಿನ ಗುರುತುಗಳಿಂದ ಒಂದೊಂದು ಬಂದೂಕನ್ನೂ ಬೇರ್ಪಡಿಸಿ ತಿಳಿದರು. ಇದು ಶ್ಲಾಘ್ಯವಾದ ವಿದ್ಯೆ.

ಆದರೆ ಸಂಗ್ರಾಹಕನ ಶೋಧನೆ ಬೆಲೆ ಏರುವಲ್ಲಿಗೆ ನಿಲ್ಲಬಾರದು. 1868ರ ಒಪ್ಪಂದದಂತೆ ಲಕೋಟರಿಗೆ ಉಳಿದಿದ್ದ ಬ್ಲ್ಯಾಕ್ ಹಿಲ್ಸ್‌ನಲ್ಲಿ 1874ರಲ್ಲಿ ಚಿನ್ನ ಕಂಡುದೇ ಆ ಯುದ್ಧದ ಮೂಲ. ಅದೇ 7ನೆಯ ದಳವು 1890ರ ಡಿಸೆಂಬರ್ 29ರಂದು ವೂಂಡೆಡ್ ನೀಯಲ್ಲಿ ಹೆಂಗಸರು ಮಕ್ಕಳೆನ್ನದೆ 150ಕ್ಕೂ ಹೆಚ್ಚು ಲಕೋಟರನ್ನು ಕೊಂದಿತು. ಮೊದಲನೆಯದನ್ನು ಬರೆದು ಇವೆರಡನ್ನು ಬಿಡುವ ದಾಖಲೆ, ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ಖಾತೆಯಂತೆ. ಅಂತಹ ಖಾತೆಗೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರನು.

‘ನಾವು ಕೊಂದವರಲ್ಲ, ವಸ್ತುವನ್ನು ಕಾಯುವವರು ಮಾತ್ರ’ ಎನ್ನಬಹುದು. ಹಾಗಾದರೆ ಬೆಲೆಯನ್ನು ಮರ ಕಬ್ಬಿಣಗಳಿಗೆ ಮಾತ್ರ ಕೇಳಲಿ. ರಣರಂಗದ ಹೆಸರಿನಲ್ಲಿ ಹಣ ಪಡೆಯುವವನು ಅದರ ಹೆಣಗಳ ಲೆಕ್ಕವನ್ನೂ ಒಪ್ಪಿಸಬೇಕು. ಕೃತ, ಕಾರಿತಗಳೊಡನೆ ಅನುಮೋದನೆಯನ್ನೂ ಎಣಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾಖಲೆ ಪೂರ್ಣವಾಗಿದ್ದರೆ ಬಂದೂಕು ಸಾಕ್ಷಿಯಾಗುತ್ತದೆ. ಅರ್ಧವಾಗಿದ್ದರೆ ಅದು ಇನ್ನೂ ಆಯುಧವೇ.